ಕೆರೆ ಏರಿಯ ಹೂವಿಗೆ ತವರು ಯಾವುದು? ನೀವೇ ಪತ್ತೆ ಹಚ್ಚುವ ಬಗೆ

ಮಧುಗಿರಿ ಕಡೆ ಮಾವನ ಹೊಲದಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡಿದ್ದೆ. ಮಾವ ಬದುವಿನ ಮೇಲಿದ್ದ ಒಂದು ಸೊಪ್ಪು ಕಿತ್ತು, ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿದರು. ಗಬ್ಬು ಸೇವಂತಿ. ಉದ್ದ ಕಡ್ಡಿಯ ತುದಿಗೆ ಪುಟ್ಟ ಹೂ ಬಿಡುತ್ತದಲ್ಲ, ಚಿಕ್ಕಂದಿನಲ್ಲಿ ಹೆಬ್ಬೆರಳಿನಿಂದ ಅದರ ತಲೆ ಹಾರಿಸಿ ಆಡುತ್ತಿದ್ದೆವಲ್ಲ, ಅದೇ. "ನಮ್ಮ ತಾತನ ಕಾಲದ ಔಷಧಿ ಕಣಪ್ಪ, ನಮ್ಮ ಮಣ್ಣಿನ ಗಿಡ" ಅಂದರು. ತಾತನ ಕಾಲದ್ದು ಅನ್ನುವುದು ನಿಜ. ನಮ್ಮ ಮಣ್ಣಿನದು ಅನ್ನುವುದು ಮಾತ್ರ ನಿಜವಲ್ಲ. ಅದರ ಸಸ್ಯಶಾಸ್ತ್ರದ ಹೆಸರು ಟ್ರೈಡಾಕ್ಸ್ ಪ್ರೊಕಂಬೆನ್ಸ್, ತವರು ಅಮೆರಿಕ ಖಂಡದ ಬಿಸಿ ನಾಡುಗಳು. ನಾನು ಬಾಯಿ ಮುಚ್ಚಿಕೊಂಡು ಬೆರಳು ಒಡ್ಡಿದೆ, ಅದು ಬೇರೆ ಮಾತು.

ಅವತ್ತು ಹತ್ತಿದ ಚಟ ಇದು. ದಾರಿ ಬದಿಯ ಯಾವ ಹೂ ಕಂಡರೂ ಇದು ಇಲ್ಲೇ ಹುಟ್ಟಿದ್ದಾ, ಬಂದು ಸೇರಿದ್ದಾ ಅಂತ ಕೇಳಿಕೊಳ್ಳುವುದು. ಬೇಕಾಗಿರುವುದು ಒಂದು ಫೋನು, ಒಂದು ನೋಟ್ ಪುಸ್ತಕ, ಒಂದು ಪೆನ್ನು, ಮತ್ತೆ ದಾರಿಯಲ್ಲಿ ಹೋಗುವವರು "ಏನ್ ಕಳ್ಕೊಂಡ್ರಿ ಸಾರ್?" ಅಂತ ಕೇಳಿದಾಗ ಬೇಜಾರಾಗದ ಮುಖ.

ಮೊದಲು ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಮನುಷ್ಯ ತಂದು ಬಿಡದೆ ಗಿಡ ತಾನಾಗಿ ಬೆಳೆದುಬಂದ ಜಾಗ ಅದರ ತವರು. ಈಗ ಎಲ್ಲೆಲ್ಲಿ ಸಿಗುತ್ತದೋ ಅದೆಲ್ಲ ಅದರ ಹರವು. ತವರು ಚಿಕ್ಕದಿದ್ದು ಹರವು ಲೋಕದಗಲ ಇರಬಹುದು. ತವರೇ ಎರಡು ಮೂರು ಖಂಡ ಇರಬಹುದು. ಇವೆರಡನ್ನೂ ಕಲಸಿಕೊಂಡು ಜಗಳ ಆಡುವವರೇ ಜಾಸ್ತಿ. ಹೊರಗಿನದು ಅಂದ ತಕ್ಷಣ ಕೆಟ್ಟದ್ದು ಅನ್ನುವ ಲೆಕ್ಕವನ್ನೂ ಬಿಡಿ. ನಾವು ದಿನಾ ನುಂಗುವ ಮುದ್ದೆಯ ರಾಗಿಯ ತವರು ಪೂರ್ವ ಆಫ್ರಿಕ, ಸಾವಿರಾರು ವರ್ಷದ ಹಿಂದೆ ಬಂದದ್ದು. ಅದನ್ನು ಯಾರಾದರೂ ವಾಪಸ್ ಕಳಿಸುತ್ತಾರಾ?

ಜಾಗ: ಬೆಟ್ಟ ಬೇಡ, ಕೆರೆ ಏರಿ ಸಾಕು

ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಸೀದಾ ದೇವರಾಯನದುರ್ಗಕ್ಕೆ ಹೋದೆ. ಸಂಜೆ ಫೋನಿನಲ್ಲಿ ಮುನ್ನೂರು ಫೋಟೊ, ತಲೆಯಲ್ಲಿ ಒಂದು ಹೆಸರೂ ಇಲ್ಲ. ಅರಣ್ಯದ ಜಾಗದಲ್ಲಿ ಗಿಡ ಕೀಳುವಂತಿಲ್ಲ, ದಾರಿ ಬಿಟ್ಟು ಒಳಗೆ ಹೋಗಲು ಅನುಮತಿಯೂ ಬೇಕು. ಅದಕ್ಕಿಂತ ನಿಮ್ಮೂರ ಕೆರೆ ಏರಿ ವಾಸಿ. ತುಮಕೂರಾಗಲಿ, ಕೋಲಾರ, ಚಿಕ್ಕಬಳ್ಳಾಪುರವಾಗಲಿ, ನಮಗೆ ಕೆರೆಗೆ ಬರವಿಲ್ಲ, ನೀರಿಗೆ ಬರ ಇರಬಹುದು ಅಷ್ಟೆ.

ಏರಿ ಯಾಕೆ ಅಂದರೆ ಐನೂರು ಹೆಜ್ಜೆಯೊಳಗೆ ಐದು ಥರದ ನೆಲ ಸಿಗುತ್ತದೆ. ನೀರಿನ ಕಡೆಯ ಇಳಿಜಾರು, ಅಚ್ಚುಕಟ್ಟಿನ ಕಡೆಯ ತೇವದ ನೆಲ, ದನ ಕುರಿ ಬೈಕು ಓಡಾಡಿ ಗಟ್ಟಿಯಾದ ಮೇಲಿನ ದಾರಿ, ತೂಬಿನ ಸುತ್ತ ಸದಾ ಜಿನುಗುವ ಜಾಗ, ಕೋಡಿ ಪಕ್ಕದ ಬಂಡೆ. ಒಂದೊಂದರಲ್ಲೂ ಬೇರೆ ಬೇರೆ ಹೂ. ಒಂದು ತುದಿಯಲ್ಲಿ ಗುರುತು ಇಟ್ಟುಕೊಳ್ಳಿ. ಒಂದು ಬಂಡೆ, ಒಂದು ಕರೆಂಟ್ ಕಂಬ, ಮುಂದಿನ ವರ್ಷವೂ ಅಲ್ಲೇ ಇರುವಂಥದ್ದು. ಅಲ್ಲಿಂದ ಐನೂರು ಹೆಜ್ಜೆ ಎಣಿಸಿ. ಅದೇ ನಿಮ್ಮ ಹೊಲ.

ವರ್ಷಕ್ಕೆ ನಾಲ್ಕು ಸಲ ಹೋದರೆ ಸಾಕು. ಮುಂಗಾರಿನ ಮೊದಲ ಮಳೆ ಆದ ಹದಿನೈದು ದಿನಕ್ಕೆ, ಹಸ್ತ ಚಿತ್ತೆ ಮಳೆ ಮುಗಿದ ಮೇಲೆ, ಸಂಕ್ರಾಂತಿ ಹೊತ್ತಿಗೆ, ಶಿವರಾತ್ರಿ ಹೊತ್ತಿಗೆ. ಒಂದೇ ಸಲ ಹೋಗಲು ಆಗುವುದಾದರೆ ಹಸ್ತ ಚಿತ್ತೆಯ ನಂತರ ಹೋಗಿ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನೆಲದ ಪುಟ್ಟ ಹೂಗಳೆಲ್ಲ ಆಗಲೇ ಏಳುವುದು. ಶಿವರಾತ್ರಿ ಸುತ್ತಿನದು ಮರಗಳಿಗೆ, ಮುಖ್ಯವಾಗಿ ಮುತ್ತುಗಕ್ಕೆ.

ಹೆಸರು ಗೊತ್ತಾಗದೆ ತವರು ಗೊತ್ತಾಗುವುದಿಲ್ಲ

ಹೂವಿನ ಮುಖದ ಫೋಟೊ ಒಂದೇ ತೆಗೆದರೆ ಅದು ಮದುವೆ ಫೋಟೊ ಇದ್ದ ಹಾಗೆ, ಯಾರೂ ಗುರುತು ಸಿಗುವುದಿಲ್ಲ. ಇಡೀ ಗಿಡ, ಹೂವಿನ ಮುಂಭಾಗ, ಹೂವಿನ ಪಕ್ಕ, ಎಲೆಯ ಮೇಲೆ ಮತ್ತು ಅಡಿ, ಎಲೆ ಕಾಂಡಕ್ಕೆ ಸೇರುವ ಜಾಗ, ಕಾಯಿ ಇದ್ದರೆ ಕಾಯಿ. ಪಕ್ಕದಲ್ಲಿ ಪೆನ್ನು ಇಟ್ಟರೆ ಅಳತೆ ತಿಳಿಯುತ್ತದೆ. ಎಲೆ ಸೇರುವ ಜಾಗವನ್ನು ಜನ ಬಿಟ್ಟೇ ಬಿಡುತ್ತಾರೆ. ತಂಗಡಿ ಗುರುತು ಇರುವುದೇ ಅಲ್ಲಿ. ಎಲೆಯ ಬುಡದಲ್ಲಿ ಕಿವಿಯಂಥ ಅಗಲದ ಪುಟ್ಟ ಎಲೆಗಳು ಇರುತ್ತವೆ, ಅದಕ್ಕೇ ಸೆನ್ನ ಆರಿಕ್ಯುಲೇಟ, ಅಂದರೆ ಕಿವಿಯುಳ್ಳದ್ದು ಅಂತ ಹೆಸರು. ಅದೇ ಹಳದಿ ಹೂವಿನ ಇನ್ನೊಂದು ಕಳೆ ಸೆನ್ನ ಆಕ್ಸಿಡೆಂಟಾಲಿಸ್. ಚೂಪು ಎಲೆ, ಹಿಸುಕಿದರೆ ವಾಸನೆ, ಬುಡದಲ್ಲಿ ಆ ಕಿವಿ ಇರುವುದಿಲ್ಲ. ಮೊದಲನೆಯದು ಭಾರತ, ಶ್ರೀಲಂಕಾ ಕಡೆಯ ಮನೆಮಗಳು. ಎರಡನೆಯದು ಅಮೆರಿಕದಿಂದ ಬಂದದ್ದು.

ಮುಟ್ಟುವಾಗ ಮಾತ್ರ ಹುಷಾರು. ಎಕ್ಕದ ಹಾಲು ಕಣ್ಣಿಗೆ ಸೋಕಬಾರದು. ಬೇಲಿಯಲ್ಲಿ ಬೆಂಕಿ ಹತ್ತಿದ ಹಾಗೆ ಅರಳುವ ಅಗ್ನಿಶಿಖೆ ಬೇರಿನಿಂದ ಬೀಜದವರೆಗೆ ವಿಷ. ಕಾಂಗ್ರೆಸ್ ಗಿಡ ಅಂತೂ ಕೆಲವರ ಮೈಗೆ ಆಗುವುದೇ ಇಲ್ಲ, ತುರಿಕೆ ಹತ್ತಿದರೆ ಬಿಡುವುದಿಲ್ಲ.

ಹೆಸರಿಗೆ ಐನ್ಯಾಚುರಲಿಸ್ಟ್ ಆಪ್ ಹಾಕಿಕೊಳ್ಳಿ, ಬಿಟ್ಟಿ. ಫೋಟೊ ಹಾಕಿದರೆ ಅದೇ ಒಂದು ಹೆಸರು ಸೂಚಿಸುತ್ತದೆ, ಆಮೇಲೆ ತಿಳಿದವರು ಬಂದು ಸರಿ ತಪ್ಪು ಹೇಳುತ್ತಾರೆ. ಆಪ್ ಹೇಳಿದ್ದನ್ನು ಮೊದಲ ಏಟಿಗೆ ನಂಬಬೇಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು, ಅಂದರೆ ಒಣಗಿಸಿದ ಗಿಡಗಳ ಸಂಗ್ರಹ ನೋಡಿಕೊಳ್ಳುವವರು, ಕರ್ನಾಟಕದ ಸಸ್ಯಗಳ ಒಂದು ಡಿಜಿಟಲ್ ಪಟ್ಟಿ ಇಟ್ಟಿದ್ದಾರೆ, ಅಲ್ಲಿ ಹೋಗಿ ತಾಳೆ ನೋಡಿ. ಊರಿನವರು ಗಿಡಕ್ಕೆ ಕರೆಯುವ ಹೆಸರನ್ನೂ ಬಿಡದೆ ಬರೆದುಕೊಳ್ಳಿ. ಆದರೆ ಅದೊಂದನ್ನೇ ನೆಚ್ಚಬೇಡಿ. ಒಂದೇ ನಾಯಿತುಳಸಿ ಅನ್ನುವ ಹೆಸರಿಗೆ ಒಂದೊಂದು ಊರಲ್ಲಿ ಒಂದೊಂದು ಗಿಡ ತೋರಿಸುತ್ತಾರೆ.

ಹೆಸರು ಸುಳಿವು ಕೊಡುತ್ತದೆ, ಸುಳ್ಳೂ ಹೇಳುತ್ತದೆ

ಇದು ನನಗೆ ಅತಿ ಇಷ್ಟದ ಭಾಗ. ಕನ್ನಡದಲ್ಲಿ ಒಂದು ಒಳ್ಳೇ ಪದ ಇದೆ, ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಗಿಡದ ಹೆಸರಿನ ಮುಂದೆ ಸೀಮೆ ಇದ್ದರೆ ಹೊರಗಿಂದ ಬಂದದ್ದು ಅಂತ ಹಿರಿಯರೇ ಚೀಟಿ ಅಂಟಿಸಿದ್ದಾರೆ ಅಂತ ತಿಳಿಯಿರಿ. ಸೀಮೆಹುಣಸೆಯ ತವರು ಮೆಕ್ಸಿಕೊ ಕಡೆ. ಸೀಮೆತಂಗಡಿ ಆಗ್ನೇಯ ಏಷ್ಯಾದ್ದು, ಅದರ ಲ್ಯಾಟಿನ್ ಹೆಸರಿನಲ್ಲೇ ಸಿಯಾಂ ದೇಶ, ಅಂದರೆ ಇವತ್ತಿನ ಥಾಯ್ಲೆಂಡ್, ಇದೆ.

ಇನ್ನು ಬಳ್ಳಾರಿ ಜಾಲಿ. ಪಾವಗಡ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಅದೇ. ಹೆಸರು ಕೇಳಿದರೆ ಬಳ್ಳಾರಿಯಲ್ಲಿ ಹುಟ್ಟಿತು ಅನ್ನಿಸುತ್ತದೆ, ಅಲ್ವಾ? ಅದರ ತವರು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ಉತ್ತರದವರೆಗೆ. ಭಾರತಕ್ಕೆ ತಂದದ್ದು 1870ರ ದಶಕದಲ್ಲಿ. ನಮ್ಮೂರಿನವರಿಗೆ ಅದು ಬಳ್ಳಾರಿ ದಿಕ್ಕಿನಿಂದ ಬಂದಂತೆ ಕಂಡಿರಬೇಕು, ಆ ಹೆಸರೇ ನಿಂತಿತು. ಊರಿನ ಹೆಸರು ಗಿಡ ಹತ್ತಿದ ಕೊನೆಯ ಬಸ್ ಸ್ಟಾಪ್ ಹೇಳುತ್ತದೆ, ಮೊದಲನೆಯದನ್ನು ಹೇಳಲೇಬೇಕು ಅಂತೇನಿಲ್ಲ. ನಮ್ಮ ಹಳೇ ಕರಿಜಾಲಿ ಬೇರೆ. ಅದರ ಹೂ ಅರಿಶಿನ ಬಣ್ಣದ ಪುಟ್ಟ ಚೆಂಡು, ಕಾಯಿ ಮಣಿಸರದ ಹಾಗೆ ಗಂಟುಗಂಟು. ಬಳ್ಳಾರಿ ಜಾಲಿಯ ಹೂ ತಿಳಿಹಳದಿ ಉದ್ದ ಬಾಲ. ದೂರದಿಂದಲೇ ಬೇರೆ ಮಾಡಬಹುದು.

ಲ್ಯಾಟಿನ್ ಹೆಸರೂ ಹಾಗೇ. ಅರಿಶಿನ ಉಮ್ಮತ್ತ, ಅದೇ ಮುಳ್ಳು ಎಲೆ, ಹಳದಿ ಹಾಲು, ಹಳದಿ ಹೂವಿನದು, ಅದರ ಹೆಸರು ಆರ್ಜಿಮೋನ್ ಮೆಕ್ಸಿಕಾನ. ಇಲ್ಲಿ ಹೆಸರು ನಿಜ ಹೇಳುತ್ತದೆ. ಹುಣಸೆಗೆ ಟ್ಯಾಮರಿಂಡಸ್ ಇಂಡಿಕ ಅಂತ ಹೆಸರು, ಅರಬ್ಬಿಯಲ್ಲೂ ಭಾರತದ ಖರ್ಜೂರ ಅನ್ನುತ್ತಾರೆ, ಆದರೆ ಅದು ಹೊರಟದ್ದು ಆಫ್ರಿಕದ ಕಡೆಯಿಂದ. ನಮ್ಮ ತುಮಕೂರು ಮಾರುಕಟ್ಟೆಯಲ್ಲಿ ಈ ಮಾತು ಸ್ವಲ್ಪ ಮೆಲ್ಲಗೆ ಆಡಿ. ಬಂಡೆ ಸಂದಿಯಲ್ಲಿ ತಾನಾಗಿ ಬೆಳೆಯುವ ಸೀತಾಫಲವೂ ಅಮೆರಿಕದ್ದೇ, ಸೀತಮ್ಮನ ಹೆಸರು ಇದ್ದ ಮಾತ್ರಕ್ಕೆ ದಂಡಕಾರಣ್ಯದಲ್ಲಿ ಇತ್ತು ಅನ್ನಲಾಗದು. ಮುಟ್ಟಿದರೆ ಮುನಿ ಕೂಡ ಅಲ್ಲಿನದೇ. ಹಾಗಾದರೆ ನಮ್ಮದು ಯಾವುದೂ ಇಲ್ಲವಾ ಅಂತ ಗಾಬರಿ ಬೇಡ. ತುಂಬೆ, ತಂಗಡಿ, ಎಕ್ಕ, ಮುತ್ತುಗ, ಕಕ್ಕೆ, ಎಲ್ಲ ನಮ್ಮವೇ.

ನಕ್ಷೆ ಓದುವುದು

ಸುಳಿವು ಸಿಕ್ಕ ಮೇಲೆ ಖಾತ್ರಿ ಮಾಡಿಕೊಳ್ಳಬೇಕು. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ಅಂತ ಒಂದು ತಾಣ ಇದೆ. ಲ್ಯಾಟಿನ್ ಹೆಸರು ಹೊಡೆದರೆ ಲೋಕದ ನಕ್ಷೆ ಬರುತ್ತದೆ. ಹಸಿರು ಬಣ್ಣ ತವರು, ನೇರಳೆ ಬಣ್ಣ ಹೊರಗಿಂದ ಬಂದು ಸೇರಿದ ಜಾಗ. ಒಂದು ಸಲ ಕಾಂಗ್ರೆಸ್ ಗಿಡದ ನಕ್ಷೆ ನೋಡಿ, ಅದರ ಹೆಸರು ಪಾರ್ಥೇನಿಯಂ ಹಿಸ್ಟೆರೊಫೋರಸ್. ಹಸಿರು ಅಮೆರಿಕದಲ್ಲಿ ಇರುತ್ತದೆ, ನೇರಳೆ ಸಮುದ್ರ ದಾಟಿ ನಮ್ಮವರೆಗೂ ಹಬ್ಬಿರುತ್ತದೆ.

ಈಗ ಮುಖ್ಯವಾದ ಎಚ್ಚರಿಕೆ. ಆ ನಕ್ಷೆ ತುಂಡು ತುಂಡಾಗಿ ಬಣ್ಣ ಹಚ್ಚುತ್ತದೆ, ಹಿಮಾಲಯದ ಭಾಗ, ಅಸ್ಸಾಂ ಕಡೆ ಬಿಟ್ಟರೆ ಉಳಿದ ಭಾರತದ ಬಹುಪಾಲು ಒಂದೇ ತುಂಡು. ಮಲೆನಾಡಿನ ಒದ್ದೆ ಕಾಡಿನಲ್ಲಿ ಮಾತ್ರ ಹುಟ್ಟುವ ಗಿಡಕ್ಕೂ ಪಾವಗಡದವರೆಗೆ ಹಸಿರೇ ಹಚ್ಚಿರುತ್ತದೆ. ಮಾಗಳಿ ಬೇರು ಗೊತ್ತಲ್ಲ, ಉಪ್ಪಿನಕಾಯಿ ಹಾಕುವುದು? ಅದು ದಕ್ಷಿಣ ಭಾರತದ ಒಣ ಬಂಡೆಗುಡ್ಡಗಳಿಗೆ ಅಂಟಿಕೊಂಡ ಗಿಡ, ನಮ್ಮ ಮೂರೂ ಜಿಲ್ಲೆಯ ಗುಡ್ಡ ಅದಕ್ಕೆ ಸರಿಯಾದ ನೆಲ. ನಕ್ಷೆ ನೋಡಿದರೆ ಅದು ಎಲ್ಲ ಕಡೆ ಸಿಗುತ್ತದೆ ಅನ್ನಿಸಿಬಿಡುತ್ತದೆ. ಆದ್ದರಿಂದ ಹಸಿರು ಕಂಡ ಮೇಲೂ ಇನ್ನೊಂದು ಪ್ರಶ್ನೆ ಕೇಳಿ: ಇದು ಭಾರತದ ಯಾವ ಮೂಲೆಯದು, ಯಾವ ನೆಲದ್ದು? ಅದಕ್ಕೆ ಕರ್ನಾಟಕದ ಪಟ್ಟಿಯೇ ಬೇಕು. ಐನ್ಯಾಚುರಲಿಸ್ಟ್ ನಕ್ಷೆಯ ಚುಕ್ಕಿಗಳು ಹರವು ತೋರಿಸುತ್ತವೆ, ತವರಲ್ಲ. ಅಲ್ಲದೆ ಫೋನು ಹಿಡಿದವರು ಓಡಾಡುವ ಕಡೆ ಚುಕ್ಕಿ ಜಾಸ್ತಿ. ನಂದಿಬೆಟ್ಟದ ಮೇಲೆ ಚುಕ್ಕಿ ರಾಶಿ ಇದ್ದು ಬಾಗೇಪಲ್ಲಿಯ ಹಳ್ಳಿಯಲ್ಲಿ ಖಾಲಿ ಇದ್ದರೆ ಅಲ್ಲಿ ಗಿಡ ಇಲ್ಲ ಅಂತ ಅಲ್ಲ.

ಮಾಗಳಿ ಬೇರಿನ ಮಾತು ಬಂದಾಗಲೇ ಹೇಳಿಬಿಡುತ್ತೇನೆ. ಅದು ಅಳಿವಿನ ಅಂಚಿಗೆ ಹೋಗಿರುವ ಗಿಡ, ಅಗೆದು ಅಗೆದು ಮುಗಿಸುತ್ತಿದ್ದೇವೆ. ಸಿಕ್ಕರೆ ಜಾಗದ ಗುರುತು ಮರೆಮಾಡಿ ಹಾಕಿ. ಆಪ್‌ನಲ್ಲಿ ಅದಕ್ಕೆ ಅವಕಾಶ ಇದೆ.

ಎರಡು ಬಣ್ಣಕ್ಕೆ ಸಿಗದ ಗಿಡಗಳೂ ಇವೆ. ನೆಲಕ್ಕೆ ಅಂಟಿದ ಹಾಗೆ ಬೆಳೆದು ಕಡಲೆ ಗಾತ್ರದ ನೀಲಿ ಹೂ ಬಿಡುವ ವಿಷ್ಣುಕ್ರಾಂತಿಯ ನಕ್ಷೆ ನೋಡಿ ನಾನು ತಾಣವೇ ಕೆಟ್ಟಿದೆ ಅಂದುಕೊಂಡಿದ್ದೆ. ಅಮೆರಿಕ, ಆಫ್ರಿಕ, ಏಷ್ಯಾ ಎಲ್ಲ ಕಡೆ ಹಸಿರು. ನಿಜಕ್ಕೂ ಅದರ ತವರು ಅಷ್ಟು ದೊಡ್ಡದು. ನಮ್ಮ ನೆಗ್ಗಿಲು ಮುಳ್ಳಿನ ಕಥೆ ಉಲ್ಟಾ. ಇಲ್ಲಿ ಅದು ಮನೆಯದು, ಔಷಧಿ ಅಂತ ಮರ್ಯಾದೆ. ಅಮೆರಿಕದಲ್ಲಿ ಸೈಕಲ್ ಪಂಕ್ಚರ್ ಮಾಡುವ ಪರದೇಶಿ ಕಳೆ ಅಂತ ಬೈಸಿಕೊಳ್ಳುತ್ತದೆ.

ಹರಡುವುದನ್ನು ಅಳೆಯುವುದು

ಗಿಡ ಎಣಿಸಲು ಹೋಗಬೇಡಿ, ತಲೆ ಕೆಡುತ್ತದೆ. ನಿಮ್ಮ ಐನೂರು ಹೆಜ್ಜೆಯನ್ನು ಹತ್ತು ಹತ್ತು ಹೆಜ್ಜೆಯ ಐವತ್ತು ತುಂಡು ಮಾಡಿ. ನಾಲ್ಕೈದು ಗಿಡ ಆರಿಸಿಕೊಳ್ಳಿ, ಎರಡು ನಮ್ಮವು, ಎರಡು ಮೂರು ಹೊರಗಿನವು. ನಾನು ಹಿಡಿದದ್ದು ತಂಗಡಿ, ತುಂಬೆ, ಲಂಟಾನ, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ. ಪ್ರತಿ ತುಂಡಿನಲ್ಲಿ ಆ ಗಿಡ ಇದೆಯಾ ಇಲ್ಲವಾ, ಅಷ್ಟೇ, ಒಂದು ಟಿಕ್. ಒಂದಿದ್ದರೂ ಟಿಕ್, ನೂರಿದ್ದರೂ ಟಿಕ್. ಮುಂದಿನ ವರ್ಷ ಅದೇ ಮಳೆ ಕಳೆದ ಮೇಲೆ ಮತ್ತೆ ಹೋಗಿ. ಐವತ್ತರಲ್ಲಿ ಹನ್ನೆರಡು ಇದ್ದದ್ದು ಹತ್ತೊಂಬತ್ತಾದರೆ ಹರಡುತ್ತಿದೆ. ಒಂದೇ ವರ್ಷದ ಲೆಕ್ಕಕ್ಕೆ ಕುಣಿಯಬೇಡಿ, ಒಳ್ಳೇ ಮಳೆ ಬಂದ ವರ್ಷ ಎಲ್ಲವೂ ಜಾಸ್ತಿ ಕಾಣುತ್ತದೆ. ಮೂರು ವರ್ಷವಾದರೂ ಬೇಕು.

ಟಿಕ್ ಎಲ್ಲಿ ಬಿತ್ತು ಅನ್ನುವುದೇ ಅರ್ಧ ಕಥೆ ಹೇಳುತ್ತದೆ. ಲಂಟಾನ ಕರೆಂಟ್ ತಂತಿಯ ಕೆಳಗೆ, ಮರದ ಬುಡದಲ್ಲಿ ಜಾಸ್ತಿ ಇದ್ದರೆ ಅದು ಹಕ್ಕಿ ಕೆಲಸ. ಪಿಕಳಾರ, ಗೊರವಂಕ ಅದರ ಕಪ್ಪು ಹಣ್ಣು ತಿಂದು ಕೂತಲ್ಲಿ ಹಿಕ್ಕೆ ಹಾಕುತ್ತವೆ. ಕಲ್ಕತ್ತಾದ ಸಸ್ಯೋದ್ಯಾನಕ್ಕೆ 19ನೇ ಶತಮಾನದ ಆರಂಭದಲ್ಲಿ ಚೆಂದಕ್ಕೆ ಅಂತ ತಂದ ಗಿಡ ಇವತ್ತು ನಮ್ಮ ಏರಿ ಮೇಲೆ ಇರುವುದಕ್ಕೆ ಹಕ್ಕಿಯದ್ದೂ ಪಾಲಿದೆ. ಬಳ್ಳಾರಿ ಜಾಲಿ ಕುರಿ ಮಂದೆ ಹೋಗುವ ದಾರಿ ಹಿಡಿದು ಹೋಗುತ್ತದೆ. ಸಿಹಿ ಕಾಯಿಯನ್ನು ಕುರಿ ಮೇಕೆ ಚಪ್ಪರಿಸಿ ತಿನ್ನುತ್ತವೆ, ಗಟ್ಟಿ ಬೀಜ ಪಿಚ್ಚಿಕೆಯಲ್ಲಿ ಗೊಬ್ಬರದ ಸಮೇತ ಬೀಳುತ್ತದೆ. ಬಿತ್ತನೆ, ಗೊಬ್ಬರ ಎರಡೂ ಒಂದೇ ಸಲ! ಕಾಂಗ್ರೆಸ್ ಗಿಡ ಜೆಸಿಬಿ ಮಣ್ಣು ಸುರಿದ ಕಡೆ ಮೊದಲು ಏಳುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಗಾಳಿ, ನೀರು, ಟೈರು, ಮಣ್ಣು, ಯಾವುದಾದರೂ ಆದೀತು ಅದಕ್ಕೆ. ಹೂಳು ತೆಗೆದು ಹೊಲಕ್ಕೆ ಹೊಡೆಸಿದ್ದರೆ ಆ ಹೊಲವನ್ನೂ ಒಮ್ಮೆ ನೋಡಿ ಬನ್ನಿ. ನೀರಿನ ಅಂಚಿನಲ್ಲಿ ತೆಳು ಗುಲಾಬಿ ತುತ್ತೂರಿ ಹೂ ಬಿಡುವ ಐಪೋಮಿಯ ಸಾಲು ಇದ್ದರೆ, ಆ ಸಾಲೇ ಹಿಂದೆ ನೀರು ಎಲ್ಲಿವರೆಗೆ ನಿಂತಿತ್ತು ಅನ್ನುವ ಗೆರೆ. ಅದು ದಕ್ಷಿಣ ಅಮೆರಿಕದ್ದು, ಮುರಿದ ಕಡ್ಡಿ ತೇವದಲ್ಲಿ ಬಿದ್ದರೂ ಬೇರು ಬಿಡುತ್ತದೆ.

ಇನ್ನೊಂದು ದಾಖಲೆ ನಿಮ್ಮೂರ ಹಿರಿಯರು. ಆದರೆ "ಈ ಗಿಡ ಯಾವ ಇಸವಿಯಲ್ಲಿ ಬಂತು?" ಅಂತ ಕೇಳಿದರೆ ಯಾರೂ ಹೇಳಲಾರರು. ಘಟನೆ ಹಿಡಿದು ಕೇಳಿ. ಊರಿಗೆ ಕರೆಂಟ್ ಬರುವ ಮೊದಲೇ ಇತ್ತಾ? ನಿಮ್ಮ ಮದುವೆ ಹೊತ್ತಿಗೆ ಏರಿ ಮೇಲೆ ಏನಿತ್ತು? ಬೇಲಿಗೆ ಏನು ಹಾಕುತ್ತಿದ್ದಿರಿ? ಕೊನೆಯ ಪ್ರಶ್ನೆಗೆ ಒಬ್ಬ ಅಜ್ಜಿ ಕೊಟ್ಟ ಉತ್ತರ ಪಾಪಾಸುಕಳ್ಳಿ. ಅದರ ಮೇಲೆ ಹತ್ತಿಯ ಹಾಗೆ ಬಿಳಿ ಹುಳ ಕೂರುತ್ತಿತ್ತು, ಹಿಸುಕಿದರೆ ಕೈಯೆಲ್ಲ ಕುಂಕುಮದ ಹಾಗೆ ಕೆಂಪು ಅಂದರು. ಅವರಿಗೆ ಗೊತ್ತಿಲ್ಲದೆ ಒಂದು ಇತಿಹಾಸವನ್ನೇ ಹೇಳಿದರು. ಅಮೆರಿಕದ ಆ ಕಳ್ಳಿ ದಕ್ಷಿಣ ಭಾರತದ ತುಂಬ ಹಬ್ಬಿ ಕಾಟ ಕೊಟ್ಟಾಗ 1920ರ ದಶಕದಲ್ಲಿ ಇಂಥದೇ ಹುಳ ಬಿಟ್ಟು ಅದನ್ನು ಬಗ್ಗಿಸಿದರು. ಕಾಂಗ್ರೆಸ್ ಗಿಡಕ್ಕೂ ಅದೇ ದಾರಿ ಹಿಡಿದರು. 1956ರಲ್ಲಿ ಪುಣೆಯಲ್ಲಿ ಗುರುತಿಸಿದ ಕಳೆ ಅದು. 1984ರಲ್ಲಿ ಅದರ ತವರಿನದೇ ಆದ ಮೆಕ್ಸಿಕೊ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ಜಾಲರಿಯಾಗಿದ್ದರೆ ಹತ್ತಿರ ಹೋಗಿ ನೋಡಿ, ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೆರೆಯ ಪುಟ್ಟ ಹುಳ ಸಿಕ್ಕರೂ ಸಿಗಬಹುದು. ಬೇಸಿಗೆಯಲ್ಲಿ ಹುಡುಕಬೇಡಿ, ಮಣ್ಣೊಳಗೆ ಮಲಗಿರುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಕೈ ತುರಿಸುತ್ತದೆ, ಎಲ್ಲ ಹೊರಗಿನದನ್ನೂ ಕಿತ್ತು ಹಾಕೋಣ ಅಂತ. ತಾಳಿ. ಗಬ್ಬು ಸೇವಂತಿ ಬದುವಿನ ಮೇಲೆ ಇರಲಿ, ಬೇರೆ ಹೂವಿಲ್ಲದ ತಿಂಗಳಲ್ಲೂ ಚಿಟ್ಟೆ, ಜೇನು ಅದರ ಮೇಲೆ ಇರುತ್ತವೆ. ಬಳ್ಳಾರಿ ಜಾಲಿ ಎಷ್ಟೋ ಮನೆಯ ಸೌದೆ, ಕೇಳದೆ ಕಡಿಯಬೇಡಿ. ಕಾಂಗ್ರೆಸ್ ಗಿಡ ಮಾತ್ರ ಕಿತ್ತರೆ ನನ್ನ ತಕರಾರಿಲ್ಲ, ಹೂ ಬಿಡುವ ಮೊದಲು, ನೆಲ ಒದ್ದೆ ಇದ್ದಾಗ, ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಂಡು, ಬೇರು ಸಮೇತ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ನೀವೇ ಹೊಲಕ್ಕೆ ಬಿತ್ತಿದ ಹಾಗೆ. ಲಂಟಾನವನ್ನು ಬುಡ ಬಿಟ್ಟು ಮೇಲೆ ಕತ್ತರಿಸುವುದು ಸುಮ್ನೆ ದಂಡ, ಮತ್ತೆ ಚಿಗುರುತ್ತದೆ.

ಮನೆಗೆ ಹೊರಡುವ ಮುನ್ನ ಕೊನೆಯ ಕೆಲಸ, ಏರಿ ಮೇಲೆಯೇ ಮಾಡಬೇಕಾದದ್ದು. ಬೂಟಿನ ಅಡಿಯ ಮಣ್ಣು ಒಂದು ಕಡ್ಡಿಯಿಂದ ಕೆರೆದು ಹಾಕಿ. ಕಾಲುಚೀಲ, ಪ್ಯಾಂಟಿನ ಮಡಿಕೆಯಲ್ಲಿ ಅಂಟಿದ ಬೀಜಗಳನ್ನು ಒಂದು ಕಾಗದದ ಮೇಲೆ ಬಿಡಿಸಿ ಎಣಿಸಿ, ನೋಟ್ ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಅಲ್ಲೇ ಉದುರಿಸಿ. ಹೋದ ಸಲ ನನ್ನ ಎರಡು ಕಾಲುಚೀಲದಲ್ಲಿ ಸಿಕ್ಕದ್ದು ಮೂವತ್ತೊಂದು ಉತ್ತರಾಣಿ, ಹುಲ್ಲಿನ ಮುಳ್ಳು ಲೆಕ್ಕಕ್ಕಿಲ್ಲ, ಮತ್ತೆ ಬೂಟಿನ ಅಡಿಗೆ ಚುಚ್ಚಿಕೊಂಡಿದ್ದ ನಾಲ್ಕು ಮುಳ್ಳುಹೊನಗೊನೆ. ಈ ಕೊನೆಯದು ನಾವು ಸಾರಿಗೆ ಹಾಕುವ ಹೊನಗೊನೆ ಸೊಪ್ಪಿನ ಹತ್ತಿರದ ನೆಂಟ, ದಕ್ಷಿಣ ಅಮೆರಿಕದ್ದು. ಏರಿ ಮೇಲಿನ ನನ್ನ ಐವತ್ತು ತುಂಡಿನಲ್ಲಿ ಎಲ್ಲೂ ಅದು ಕಂಡಿರಲಿಲ್ಲ. ಬಸ್ ಸ್ಟಾಂಡಿನಿಂದ ನಾನೇ ತಂದಿದ್ದೆ ಅಂತ ಕಾಣುತ್ತದೆ. ಆ ನಾಲ್ಕನ್ನು ಉದುರಿಸದೆ ಕಾಗದದಲ್ಲಿ ಮಡಿಚಿ ಜೇಬಿಗೆ ಹಾಕಿಕೊಂಡು ಬಂದೆ.